ಕನ್ನಂಬಾಡಿಯ ನೀರಿನಲ್ಲಿ ಉಬ್ಬುಹಾಯಿ

ನಾಗಮಂಗಲದ ಕಡೆಯವರಿಗೆ ನೀರೆಂದರೆ ಕೆರೆಯ ನೀರು. ಅದೂ ಮಳೆರಾಯ ಕಣ್ತೆರೆದ ವರ್ಷಗಳಲ್ಲಿ ಮಾತ್ರ. ಅಂಥ ಒಣನೆಲದಲ್ಲಿ ಹುಟ್ಟಿದ ನಾನು ಮೊದಲು ದೋಣಿ ಹತ್ತಿದ್ದು ಶ್ರೀರಂಗಪಟ್ಟಣದ ಸಂಗಮದಲ್ಲಿ. ಅದು ಹರಿಗೋಲು. ಹಿಂದು ಮುಂದುಗಳ ಭೇದವಿಲ್ಲದ ಆ ದುಂಡು ಬುಟ್ಟಿಯಲ್ಲಿ ಸುತ್ತಿ ಸುತ್ತಿ ತಲೆ ತಿರುಗಿದ ಮೇಲೆ, ಜಲಯಾನದ ಋಣ ತೀರಿತೆಂದೇ ಭಾವಿಸಿದ್ದೆ. ಆದರೆ ಕಳೆದ ಆಷಾಢದಲ್ಲಿ, ಸೈನ್ಯದಿಂದ ನಿವೃತ್ತರಾದ ಗೆಳೆಯರೊಬ್ಬರು ನನ್ನನ್ನು ಕೃಷ್ಣರಾಜಸಾಗರದ ಹಿನ್ನೀರಿಗೆ ಕರೆದೊಯ್ದರು. ಅವರಿಗೆ ಹಾಯಿದೋಣಿಯ ಹುಚ್ಚು. ಅಂದು ಜೊತೆಗಾರರು ಯಾರೂ ಸಿಕ್ಕಿರಲಿಲ್ಲ.

1911ರಲ್ಲಿ ಕೆಲಸ ಆರಂಭವಾದ ಈ ಕಟ್ಟೆಯನ್ನು ಬೃಂದಾವನದ ಕಡೆಯಿಂದ ನೋಡದವರು ವಿರಳ. ಹಿಂಬದಿಯ ನೀರನ್ನು ನೋಡಿದವರು ಅಷ್ಟಿಲ್ಲ. ಹೇಮಾವತಿಯೂ ಲಕ್ಷ್ಮಣತೀರ್ಥವೂ ಕಾವೇರಿಯನ್ನು ಕೂಡುವ ಆ ಜಲರಾಶಿ ಪಾಂಡವಪುರ, ಕೃಷ್ಣರಾಜಪೇಟೆಯ ಸೀಮೆಗಳವರೆಗೂ ಕೈಚಾಚಿದೆ. ಮುಳುಗಿದ ಹಳೆಯ ಕನ್ನಂಬಾಡಿಯಿಂದ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದ ವೇಣುಗೋಪಾಲಸ್ವಾಮಿಯ ಗುಡಿ ಇದರ ದಡದಲ್ಲೇ ಇದೆ. ಪಶ್ಚಿಮದಿಂದ ಬೀಸುವ ಮುಂಗಾರಿನ ಗಾಳಿಗೆ ಈ ನೀರಬಯಲಿನಲ್ಲಿ ಗಿಡವಿಲ್ಲ, ಗುಡ್ಡವಿಲ್ಲ, ತಡೆಯೇ ಇಲ್ಲ.

ನಮ್ಮ ದೋಣಿಯ ಜಾತಿಯ ಹೆಸರು ‘ಫೋರ್ ಟ್ವೆಂಟಿ’. ವಾಚಕರು ನಗಬಾರದು. ಹಳೆಯ ದಂಡಸಂಹಿತೆಯ ವಂಚನೆಯ ಕಲಮಿಗೂ ಇದಕ್ಕೂ ಸಂಬಂಧವಿಲ್ಲ. ದೋಣಿಯ ಉದ್ದ 4.20 ಮೀಟರು, ಅಷ್ಟೆ. ಇಬ್ಬರೇ ನಡೆಸುವ ದೋಣಿಯಿದು. ಇದರ ಎರಡು ನಿತ್ಯದ ಹಾಯಿಗಳ ವಿಸ್ತಾರ ಒಟ್ಟು ಸುಮಾರು 10 ಚದರ ಮೀಟರು. ಗಾಳಿ ಬೆನ್ನಿಗೆ ಬಂದಾಗ ಏರಿಸುವ ಮೂರನೆಯ ಹಾಯಿಯೇ ಸ್ಪಿನ್ನೇಕರ್. ಅದೊಂದೇ ಸುಮಾರು 9 ಚದರ ಮೀಟರು! ನವುರಾದ ನೈಲಾನ್ ಬಟ್ಟೆ. ಗಾಳಿ ತುಂಬಿದೊಡನೆ ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಉಬ್ಬುತ್ತದೆ. ಉಬ್ಬುಹಾಯಿ ಎಂದು ನಾನೇ ಹೆಸರಿಟ್ಟುಕೊಂಡೆ. ಬೇರೆ ಹಾಯಿಗಳಂತೆ ಇದರ ಅಂಚು ಯಾವ ಕಂಬಕ್ಕೂ ಕಟ್ಟಿರುವುದಿಲ್ಲ. ಮೂರು ಮೂಲೆಗಳಿಗೆ ಮೂರು ಹಗ್ಗ. ಕೆಳಗಿನ ಒಂದು ಮೂಲೆಯನ್ನು ಹೊರಚಾಚಿ ಹಿಡಿಯಲು ಒಂದು ಗಳ. ಉಳಿದದ್ದೆಲ್ಲ ಗಾಳಿಯ ಕೈಯಲ್ಲಿ.

ದೊಡ್ಡ ನೌಕೆಯಲ್ಲಾದರೆ ಒಂದೊಂದು ಹಗ್ಗಕ್ಕೂ ಒಬ್ಬೊಬ್ಬ ಆಳು. ಇಲ್ಲಿ ನಾಲ್ಕೇ ಕೈ. ಆದುದರಿಂದ ಗೆಳೆಯರು ದಡದ ಮೇಲೆಯೇ ಒಂದು ಗಂಟೆ ನನಗೆ ಪಾಠ ಹೇಳಿದರು. ಚುಕ್ಕಾಣಿಯ ಹಿಡಿಯನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ಅವರು ಎರಡೂ ಕೈಗಳಿಂದ ಹಾಯಿಯನ್ನು ಕೂವೆಮರಕ್ಕೆ ಏರಿಸಬೇಕು. ಅಷ್ಟರಲ್ಲಿ ನಾನು ಗಳವನ್ನು ಹಗ್ಗಕ್ಕೂ ಮರಕ್ಕೂ ಸಿಕ್ಕಿಸಿ, ಇನ್ನೊಂದು ಮೂಲೆಯ ಹಗ್ಗ ಹಿಡಿದು ಕುಳಿತುಕೊಳ್ಳಬೇಕು. ಅಲ್ಲಿಂದ ಮುಂದೆ ನನ್ನ ಕಣ್ಣು ಹಾಯಿಯ ಗಾಳಿಬದಿಯ ಅಂಚಿನಲ್ಲೇ ನೆಟ್ಟಿರಬೇಕು. ಅಂಚು ತುಸು ಮಡಿಚಿಕೊಳ್ಳುವವರೆಗೆ ಹಗ್ಗ ಸಡಿಲಿಸುವುದು, ಮಡಿಚಿದೊಡನೆ ಗೇಣಷ್ಟು ಎಳೆಯುವುದು, ಮತ್ತೆ ಸಡಿಲಿಸುವುದು.

“ಗಾಳಿ ಜೋರಾದರೆ?” ಎಂದೆ.

“ನಾನು ದೋಣಿಯನ್ನು ಗಾಳಿಯ ಜಾಡಿಗೇ ತಿರುಗಿಸುತ್ತೇನೆ. ನೀವು ಹಗ್ಗ ಬಿಡಬೇಕು, ಮೇಷ್ಟ್ರೇ. ಎಳೆಯಬಾರದು.”

ಹಾಯಿ ಏರಿದ ಗಳಿಗೆಯನ್ನು ಹೇಗೆ ಬಣ್ಣಿಸಲಿ! ಪಟಪಟನೆ ಬಡಿದುಕೊಳ್ಳುತ್ತಿದ್ದ ಕೆಂಪು ಬಟ್ಟೆ ‘ಧಪ್’ ಎಂದು ತುಂಬಿತು. ದೋಣಿ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗಿತು. ಬೆನ್ನಗಾಳಿಯಲ್ಲಿ ನಾವೂ ಗಾಳಿಯೊಡನೆಯೇ ಓಡುವುದರಿಂದ ಗಾಳಿಯೇ ಇಲ್ಲವೆನ್ನುವಷ್ಟು ಶಾಂತಿ. ಮೋಸ ಇರುವುದು ಅಲ್ಲಿಯೇ. ಹಿಂದಿನ ನೀರು ಕಪ್ಪಾಗಿ ಸುಕ್ಕುಗಟ್ಟಿ ಬರುತ್ತಿದ್ದುದನ್ನು ಅವರು ಕಂಡರು, ನಾನು ಕಾಣಲಿಲ್ಲ. ದೋಣಿ ಒಮ್ಮೆಲೆ ವಾಲಿತು. “ಬಿಡಿ, ಬಿಡಿ!” ಎಂಬ ಕೂಗು ಕಿವಿಗೆ ಬಿತ್ತು. ಭಯಗೊಂಡ ಮನುಷ್ಯನ ಕೈ ಬಿಡುವುದನ್ನು ಬಲ್ಲದೆ? ನಾನು ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿ ಎಳೆದೆ. ಮರುಕ್ಷಣ ಇಬ್ಬರೂ ನೀರಿನಲ್ಲಿದ್ದೆವು. ಸುತ್ತಿದ ಹಗ್ಗ ಕೈಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ಎರಡು ಗುಟುಕು ಕಾವೇರಿ ಹೊಟ್ಟೆ ಸೇರಿತು. ರಕ್ಷಣೆಯ ಜಾಕೆಟ್ಟು ಇಲ್ಲದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ದೋಣಿಯನ್ನು ಎತ್ತುವುದು ಸುಲಭವಾಗಲಿಲ್ಲ. ಉಬ್ಬುಹಾಯಿ ನೀರಡಿಯಲ್ಲಿ ಹರಡಿ ಬಲೆಯಾಗಿತ್ತು. ಅದನ್ನು ಇಳಿಸದೆ ದೋಣಿ ನೆಟ್ಟಗಾಗುವಂತಿರಲಿಲ್ಲ. ನಾನು ಅದರ ನಡುವನ್ನು ಹಿಡಿದು ಜಗ್ಗಿದಷ್ಟೂ ಅದು ಭಾರವಾಯಿತು. ಮೀನು ಹಿಡಿಯುತ್ತಿದ್ದ ವೃದ್ಧರೊಬ್ಬರು ತಮ್ಮ ಹರಿಗೋಲನ್ನು ಹುಟ್ಟುಹಾಕುತ್ತ ಬಂದು, ಸ್ವಲ್ಪ ಹೊತ್ತು ನನ್ನ ಸಾಹಸವನ್ನು ನೋಡಿದರು.

“ನಡೂಕೆ ಹಿಡ್ದು ಎಳೀಬ್ಯಾಡಿ ಸ್ವಾಮಿ, ನೀರ್ ತುಂಬ್ಕತದೆ. ಅಂಚು ಹಿಡ್ಕಳಿ.”

ಅಂಚು ಹಿಡಿದೆ. ನೀರು ತಾನಾಗಿ ಸೋರಿ, ಹಾಯಿ ಸೀರೆಯ ಸೆರಗಿನಂತೆ ಹಗುರವಾಗಿ ಕೈಗೆ ಬಂತು. ಅವರು ಜೀವಮಾನದಲ್ಲಿ ಸ್ಪಿನ್ನೇಕರ್ ಮುಟ್ಟಿದವರಲ್ಲ, ಬಲೆ ಎಳೆದವರು.

ದಡದಲ್ಲಿ ಚಹಾ ಕುಡಿಯುತ್ತ ಗೆಳೆಯರು ಇಬ್ಬರೇ ನಡೆಸಿದ ನೌಕೆಗಳ ಕಥೆ ತೆಗೆದರು. ನಮ್ಮದಕ್ಕಿಂತ ತುಸುವೇ ಉದ್ದವಾದ ‘ಫಾರ್ಟಿನೈನರ್’ ದೋಣಿಯ ಉಬ್ಬುಹಾಯಿ ಸುಮಾರು 38 ಚದರ ಮೀಟರಂತೆ. ಕೊಡಗಿನ ಮನೆತನದ ಕೆ. ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಆ ದೋಣಿಯಲ್ಲೇ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದು, 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿದರು. ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಮಹಿಳೆಯರು ‘ತಾರಿಣಿ’ಯಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಮಿಯನ್ನೇ ಸುತ್ತಿ 2025ರ ಮೇ 29ರಂದು ಮರಳಿದರು. ಅಂಗೈಯ ಕೆಂಪು ಬರೆಯನ್ನು ನೋಡಿಕೊಳ್ಳುತ್ತ ನಾನು ಹೂಂಗುಟ್ಟಿದೆ.

“ಇನ್ನೊಮ್ಮೆ?” ಎಂದರು. ಬೇಡವೆನ್ನಲು ನಾಚಿಕೆಯಾಯಿತು.

ಎರಡನೆಯ ಸಲ ಹಗ್ಗವನ್ನು ಕೈಗೆ ಸುತ್ತಲಿಲ್ಲ. ಗಾಳಿ ಮೇಲೇರಿ ಬಂದಾಗ, ಹೃದಯ ಬಾಯಿಗೆ ಬಂದಿದ್ದರೂ ಬಿಟ್ಟೆ. ಹಾಯಿಯ ಅಂಚು ಮಡಿಚಿತು, ದೋಣಿ ನೆಟ್ಟಗಾಯಿತು. ಕೃಷ್ಣರಾಜಪೇಟೆಯ ಕಡೆ ಮೋಡ ಕಪ್ಪಾಗುತ್ತಿದ್ದುದನ್ನು ಈ ಬಾರಿ ನಾನೇ ಮೊದಲು ಕಂಡು ಹೇಳಿದೆ. ಮೊದಲು ಗಳ ಬಿಚ್ಚಿದೆ. ಮುಖ್ಯ ಹಾಯಿಯ ಮರೆಯಲ್ಲಿ, ಗೆಳೆಯರು ಮೇಲಿನ ಹಗ್ಗವನ್ನು ಒಂದೊಂದೇ ಮೊಳ ಸಡಿಲಿಸುತ್ತಿರಲು, ನಾನು ಬಟ್ಟೆಯನ್ನು ಅಂಚು ಹಿಡಿದು ಒಳಗೆಳೆದುಕೊಂಡೆ. ಒಂದು ಮೂಲೆ ಮಾತ್ರ ನೀರಿಗೆ ಬಿತ್ತು. ಉಳಿದ ಹಾಯಿ ಒಣಗಿಯೇ ಚೀಲ ಸೇರಿತು.