ಕಾರಿನ ಉಸಿರುಗೊಳವೆ

ಕಮ್ಮಾರ ತಿದಿ ಒತ್ತಿದರೆ ಕುಲುಮೆಯ ಬೆಂಕಿ ಭುಗಿಲೆನ್ನುತ್ತದಲ್ಲವೇ ಮಕ್ಕಳೇ? ಟರ್ಬೊ ಕಾರಿನಲ್ಲೂ ಅದೇ ಉಪಾಯ. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಒತ್ತಿದ ಗಾಳಿ ಕಾಯುತ್ತದೆ, ಸೈಕಲ್ ಪಂಪಿನ ತಳ ಮುಟ್ಟಿ ನೋಡಿ. ಅದನ್ನು ಆರಿಸಲು ಇಂಟರ್‌ಕೂಲರ್ ಇರುತ್ತದೆ.

ಈ ಗಾಳಿಯ ಕೊಳವೆಯನ್ನು ಕೆಲವು ಹವ್ಯಾಸಿಗಳು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಅಲ್ಯೂಮಿನಿಯಂ ಪೈಪು ಕೊಯ್ದು, ಬಾಗಿದ ತುಂಡುಗಳನ್ನು ವೆಲ್ಡ್ ಮಾಡಿ, ಸಿಲಿಕೋನ್ ಹೋಸಿನಿಂದ ಜೋಡಿಸಿ ಕ್ಲಿಪ್ಪು ಬಿಗಿಯುತ್ತಾರೆ. ವೆಲ್ಡಿಂಗಿಗಿಂತ ತೊಳೆಯುವುದೇ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ. ಆ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಒಳಗುಳಿದ ಸಾಸಿವೆಯಷ್ಟು ಲೋಹದ ಚೂರು ಸಾಕು, ರೆಕ್ಕೆ ಮುರಿಯಲು. ನಮ್ಮ ಮುಂಡರಗಿ, ಶಿರಹಟ್ಟಿ ಕಡೆಯ ಎರೆಮಣ್ಣಿನ ಧೂಳಂತೂ ಕೇಳಲೇಬೇಡಿ. ಫಿಲ್ಟರಿಗೂ ಟರ್ಬೊಗೂ ನಡುವೆ ಕೂದಲೆಳೆಯ ಸಂದಿಯಿದ್ದರೂ ಧೂಳು ನೇರ ಒಳಗೆ. ಟರ್ಬೊ ದಾಟಿದ ಮೇಲೆ ಸಂದಿಯಿದ್ದರೆ ಒತ್ತಿದ ಗಾಳಿ ಹೊರಗೆ ಸೋರಿ ಕಾರಿನ ಶಕ್ತಿ ಕುಗ್ಗುತ್ತದೆ.

ಅಜ್ಜಂದಿರೇ, ಮೊಮ್ಮಗ ಪೈಪು ತಂದರೆ ತಕ್ಷಣ ಬೈಯಬೇಡಿ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ಬರಲಿ.

ಸೋರಿಕೆ ಹುಡುಕುವುದು ಮಾತ್ರ ಚೆಂದದ ಆಟ. ಕೊಳವೆಯನ್ನು ಕಾರಿನಿಂದ ಬಿಚ್ಚಿ, ಎರಡೂ ಬಾಯಿ ಗಟ್ಟಿಯಾಗಿ ಮುಚ್ಚಿ, ಪಂಪಿನಿಂದ ಸ್ವಲ್ಪವೇ ಗಾಳಿ ತುಂಬಿ, ಸಂದಿಗೆಲ್ಲ ಸೋಪಿನ ನೀರು ಬಳಿಯುತ್ತಾರೆ. ಎಲ್ಲಿ ಗುಳ್ಳೆ ಏಳುತ್ತದೋ, ಕಳ್ಳ ಅಲ್ಲಿದ್ದಾನೆ.