ಬಯಲುಸೀಮೆಯ ಅಗಲ ಎಲೆ: ಮುತ್ತುಗ

ಮಳೆ ಕಡಿಮೆ ಬೀಳುವ ಪ್ರದೇಶದ ಮರಗಳಲ್ಲಿ ಸಾಮಾನ್ಯವಾಗಿ ಜಾಲಿ, ಹುಣಸೆಗಳಿಗಿರುವಂತೆ ಸಣ್ಣ ಸಣ್ಣ ಕಿರುಎಲೆಗಳೇ ಕಾಣುತ್ತವೆ. ಆದರೆ ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಂಥ ತೆಂಗಿನ ಸೀಮೆಯ ಹೊಲದ ಬದುಗಳಲ್ಲೂ ಗೋಮಾಳಗಳಲ್ಲೂ ಬೆಳೆಯುವ, ಸಸ್ಯಶಾಸ್ತ್ರದಲ್ಲಿ ಬ್ಯೂಟಿಯ ಮಾನೊಸ್ಪರ್ಮ ಎಂದು ಹೆಸರಾದ ಮುತ್ತುಗದಲ್ಲಿ, ಒಂದೇ ತೊಟ್ಟಿಗೆ ಮೂರು ಅಗಲವಾದ ಕಿರುಎಲೆಗಳಿದ್ದು, ಅವುಗಳಲ್ಲಿ ನಡುವಿನದು ಮಿಕ್ಕೆರಡಕ್ಕಿಂತ ದೊಡ್ಡದಾಗಿರುತ್ತದೆ. ಮೇಲ್ಭಾಗ ನುಣುಪಾಗಿ, ತಳಭಾಗ ನವಿರಾದ ರೋಮಗಳಿಂದ ಕೂಡಿ, ತೊಗಲಿನಂತೆ ಗಡುಸಾಗಿರುವ ಈ ಎಲೆಗಳನ್ನು ಕಡ್ಡಿಯಿಂದ ಹೆಣೆದು ಊಟದೆಲೆ ಮಾಡುವುದು ರೂಢಿ.

ಎಲೆ ಅಗಲವಾದಷ್ಟೂ ಅದರ ಮೈಗೆ ಅಂಟಿಕೊಂಡಿರುವ ನಿಶ್ಚಲ ಗಾಳಿಯ ಪದರ, ಎಂದರೆ ಸೀಮಾಪದರ, ದಪ್ಪವಾಗುತ್ತದೆ. ಬಿಸಿಲಿನಿಂದ ಪಡೆದ ಶಾಖ ಆ ಪದರವನ್ನು ದಾಟಿ ಹೊರಹೋಗುವುದು ನಿಧಾನವಾಗುವುದರಿಂದ, ಅಗಲ ಎಲೆಯು ತನ್ನ ಸಣ್ಣ ರಂಧ್ರಗಳ ಮೂಲಕ ನೀರನ್ನು ಆವಿಯಾಗಿಸಿ ತಂಪಾಗಬೇಕು. ನೀರಿಲ್ಲದಿದ್ದರೆ ಅದು ಸುಟ್ಟುಹೋಗುವ ಸಂಭವವಿದೆ. ಜಗತ್ತಿನ 7,670 ಸಸ್ಯಪ್ರಭೇದಗಳ ಎಲೆಗಳನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಗಲಿನ ಈ ಕಾವಿನಂತೆಯೇ ಇರುಳಿನ ಶೀತವೂ ಎಲೆಯ ಗಾತ್ರಕ್ಕೆ ಮಿತಿ ಹಾಕುತ್ತದೆಂದು ತೋರಿಸಿತು.

ತೆಂಗು ತನ್ನ ಉದ್ದನೆಯ ಗರಿಯನ್ನು ಕಿರಿದಾದ ಸೀಳುಗಳಾಗಿ ಹಂಚಿಕೊಂಡು, ಅವುಗಳ ನಡುವೆ ಗಾಳಿ ಆಡಲು ಎಡೆಮಾಡಿ ಈ ಸಮಸ್ಯೆಯನ್ನು ನೀಗಿಕೊಂಡಿದೆ. ಮುತ್ತುಗದ ಉಪಾಯ ಬೇರೆ: ಮಳೆಗಾಲದಲ್ಲಿ ಅಗಲ ಎಲೆಗಳಿಂದ ಸಾಕಷ್ಟು ಬೆಳಕನ್ನು ಹಿಡಿದು ಆಹಾರ ಕೂಡಿಟ್ಟುಕೊಂಡು, ನೆಲದ ತೇವ ಆರುತ್ತ ಬಂದಂತೆ ತೊಟ್ಟಿನ ಬುಡದಲ್ಲಿ ಬೇರ್ಪಡೆಯ ಪದರವೊಂದನ್ನು ಬೆಳೆಸಿ ಅವನ್ನು ಉದುರಿಸಿಬಿಡುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ 30 ಸೆಂಟಿಮೀಟರಿನಷ್ಟು ಅಗಲದ ಎಲೆ ಬಿಡುವ ಮೇಪಲ್ ಮರವೂ ಹೀಗೆಯೇ ಎಲೆಯುದುರಿಸುತ್ತದೆಯಾದರೂ, ಅಲ್ಲಿ ಅದಕ್ಕೆ ಕಾರಣ ಬರವಲ್ಲ, ಚಳಿ.

ಎಲೆ ಕಳಚಿದ ಮುತ್ತುಗ ಬೇಸಗೆಯ ಮೊದಲಿಗೆ ಕೇಸರಿ ಹೂಗಳಿಂದ ತುಂಬುತ್ತದೆ. ಮರೆಮಾಡುವ ಎಲೆಗಳಿಲ್ಲದ್ದರಿಂದ ಸೂರಕ್ಕಿಗಳಿಗೂ ಮೈನಾಗಳಿಗೂ ಅವು ದೂರದಿಂದಲೇ ಕಾಣಿಸಿ, ಮಕರಂದಕ್ಕೆ ಬಂದ ಹಕ್ಕಿಗಳಿಂದ ಪರಾಗಸ್ಪರ್ಶ ನಡೆಯುತ್ತದೆ. ಮುಂದೆ ತುದಿಯಲ್ಲಿ ಒಂದೇ ಬೀಜವಿರುವ ಚಪ್ಪಟೆ ಕಾಯಿ, ಮೇಪಲ್‌ನ ರೆಕ್ಕೆಬೀಜದಂತೆ, ಗಾಳಿಯಲ್ಲಿ ಸಾಗಿ ನೆಲ ಸೇರುತ್ತದೆ.

ಆದುದರಿಂದ ಬೋಳಾಗಿ ನಿಂತ ಮುತ್ತುಗವನ್ನು ಒಣಗಿದ ಮರವೆಂದು ಕಡಿಯುವುದು ತಪ್ಪು. ನೀರಾವರಿಯ ಆಸರೆಯಿಲ್ಲದೆ ಊಟದೆಲೆಯನ್ನೂ ಹಕ್ಕಿಗಳಿಗೆ ಬೇಸಗೆಯ ಆಹಾರವನ್ನೂ ಒದಗಿಸುವ ಈ ಮರವನ್ನು ಬದುಗಳಲ್ಲಿ ಉಳಿಸಿಕೊಳ್ಳುವುದು ತೆಂಗಿನ ಸೀಮೆಗೆ ಎಲ್ಲ ರೀತಿಯಿಂದಲೂ ಹಿತ.