ಬ್ರಿಡ್ಜ್ ಮೋಡ್ ಹಾಕಿದರೆ ಇಂಟರ್ನೆಟ್ ವೇಗ ಎರಡು ಪಟ್ಟಾಗುತ್ತದೆಯೇ?

“ಮೋಡೆಮ್ ಸೆಟ್ಟಿಂಗ್‌ನಲ್ಲಿ ಬ್ರಿಡ್ಜ್ ಮೋಡ್ ಹಾಕಿ, ವೇಗ ಡಬಲ್ ಆಗುತ್ತೆ” ಎಂಬ ಸಲಹೆ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಯಾದಗಿರಿ, ಶಹಾಪುರ, ಸುರಪುರದಲ್ಲೂ ಈಗ ಮನೆ, ಅಂಗಡಿ, ಕಚೇರಿಗಳಿಗೆ ಫೈಬರ್ ಬಂದಿದೆ. ಸೆಟ್ಟಿಂಗ್ ಮುಟ್ಟುವ ಮುನ್ನ ನಿಜಾಂಶ ತಿಳಿಯಿರಿ.

ಬ್ರಿಡ್ಜ್ ಮೋಡ್ ಎಂದರೇನು?

ಫೈಬರ್ ಮೋಡೆಮ್ ಎರಡು ಕೆಲಸ ಮಾಡುತ್ತದೆ. ಒಂದು, ತಂತಿಯಲ್ಲಿ ಬೆಳಕಾಗಿ ಬರುವ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು. ಎರಡು, ಲಾಗಿನ್ ಆಗಿ ಒಂದೇ ಸಂಪರ್ಕವನ್ನು ಎಲ್ಲ ಮೊಬೈಲ್, ಟಿವಿಗಳಿಗೆ ಹಂಚುವುದು. ಬ್ರಿಡ್ಜ್ ಮೋಡ್‌ನಲ್ಲಿ ಎರಡನೆಯ ಕೆಲಸ ನಿಲ್ಲುತ್ತದೆ. ಮೋಡೆಮ್ ಬರೀ ಸೇತುವೆಯಂತೆ ಡೇಟಾ ದಾಟಿಸುತ್ತದೆ. ಹಂಚುವ ಹೊಣೆ ನೀವು ಕೊಂಡ ಬೇರೆ ರೂಟರ್‌ನದು.

ವೇಗ ಹೆಚ್ಚುತ್ತದೆಯೇ?

ಇಲ್ಲ. ನಿಮ್ಮ ಪ್ಲಾನ್ 50 ಎಂಬಿಪಿಎಸ್ ಆಗಿದ್ದರೆ ಬ್ರಿಡ್ಜ್ ಮೋಡ್ ಅದನ್ನು 100 ಮಾಡದು. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಒಳಕೋಣೆಗೆ ವೈಫೈ ಸಿಗದಿದ್ದರೆ ಕಾರಣ ಗೋಡೆ. ಮೋಡೆಮ್ಅನ್ನು ಮನೆಯ ನಡುವೆ, ಎತ್ತರದಲ್ಲಿ ಇಟ್ಟು ನೋಡಿ. ಹಳೆಯ ಮೋಡೆಮ್ ಬದಲು ಒಳ್ಳೆಯ ರೂಟರ್ ಹಾಕಿದಾಗ ವೈಫೈ ಸುಧಾರಿಸಬಹುದು. ಆದರೆ ಆ ಲಾಭ ರೂಟರ್‌ನದು, ಬ್ರಿಡ್ಜ್ ಮೋಡ್‌ನದಲ್ಲ.

ತಪ್ಪಿದರೆ ಏನಾಗುತ್ತದೆ?

ಬೇರೆ ರೂಟರ್ ಇಲ್ಲದೆ ಬ್ರಿಡ್ಜ್ ಹಾಕಿದರೆ ಮನೆಯ ವೈಫೈ ನಿಂತೇ ಹೋಗಬಹುದು. ಅದೇ ಮೋಡೆಮ್‌ಗೆ ಜೋಡಿಸಿದ ಲ್ಯಾಂಡ್‌ಲೈನ್ ಕೂಡ ಸ್ತಬ್ಧವಾಗಬಹುದು. ಕಂಪ್ಯೂಟರ್ಅನ್ನು ನೇರವಾಗಿ ಜೋಡಿಸಿದರೆ ರೂಟರ್ ಕೊಡುತ್ತಿದ್ದ ರಕ್ಷಣೆ ಇರುವುದಿಲ್ಲ. ಗ್ರಾಮ ಒನ್ ಕೇಂದ್ರದಲ್ಲಿ ಹೀಗಾದರೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಬಂದವರು ಬರಿಗೈಲಿ ಹಿಂದಿರುಗಬೇಕಾಗುತ್ತದೆ. ರೀಸೆಟ್ ಗುಂಡಿ ಒತ್ತಿದರೆ ಕಂಪನಿ ಹಾಕಿಕೊಟ್ಟ ಸೆಟ್ಟಿಂಗ್ ಅಳಿಸಿಹೋಗಿ, ತಂತ್ರಜ್ಞರೇ ಬರಬೇಕಾದೀತು.

ಹಾಗಾದರೆ ಯಾರಿಗೆ ಉಪಯೋಗ?

ಮೋಡೆಮ್, ರೂಟರ್ ಎರಡೂ ಸಂಪರ್ಕ ಹಂಚುತ್ತಿದ್ದರೆ ಆನ್‌ಲೈನ್ ಆಟ, ಹೊರಗಿನಿಂದ ಸಿಸಿಟಿವಿ ನೋಡುವುದು ತೊಡಕಾಗಬಹುದು. ಆಗ ಬ್ರಿಡ್ಜ್ ನೆರವಾಗುತ್ತದೆ. ಕಂಪನಿ ಹಲವು ಗ್ರಾಹಕರಿಗೆ ಒಂದೇ ಐಪಿ ವಿಳಾಸ ಹಂಚಿದ್ದರೆ ಅದೂ ಸಾಲದು. ವೈಫೈ ವ್ಯಾಪ್ತಿ ಹೆಚ್ಚಿಸುವುದಷ್ಟೇ ಬೇಕಿದ್ದರೆ ಎರಡನೇ ರೂಟರ್ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಮೋಡೆಮ್ ಮುಟ್ಟಬೇಕಿಲ್ಲ.

ಬದಲಿಸುವ ಮುನ್ನ

• ಲಾಗಿನ್ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆಯನ್ನು ಕಂಪನಿಯಿಂದ ಕೇಳಿ ಬರೆದಿಡಿ.
• ಈಗಿರುವ ಸೆಟ್ಟಿಂಗ್‌ನ ಪ್ರತಿ ಪುಟದ ಫೋಟೊ ತೆಗೆದಿಡಿ.
• ಲ್ಯಾಂಡ್‌ಲೈನ್‌ನ ಸೆಟ್ಟಿಂಗ್ ಮುಟ್ಟಬೇಡಿ.
• ಹೊಸ ರೂಟರ್‌ನ ಪಾಸ್‌ವರ್ಡ್ ಬದಲಿಸಿ, ಫೈರ್‌ವಾಲ್ ಆನ್ ಇರಲಿ.

ತೀರ್ಪು: ವೇಗ ಎರಡು ಪಟ್ಟಾಗುತ್ತದೆ ಎಂಬುದು ಸುಳ್ಳು. ಆ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.